ಬಳ್ಳಾರಿ ಬಿಸಿಲಿಗೊಂದು ಹೊದಿಕೆ

ನಮ್ಮ ಕಡೆ ಮಗು ಹುಟ್ಟುವ ಮೊದಲು ಅದಕ್ಕೆಂದು ಏನನ್ನೂ ತರುವ ಹಾಗಿಲ್ಲ. ಹೊಸ ಬಟ್ಟೆ ಹೊಲಿಸುವ ಹಾಗಿಲ್ಲ, ತೊಟ್ಟಿಲು ನೋಡಿ ಬರುವ ಹಾಗೂ ಇಲ್ಲ. ಹುಟ್ಟಿದ ಮೇಲೂ ಮೊದಲು ಮೈಗೆ ಬೀಳುವುದು ಬೇರೆ ಮಗು ಹಾಕಿ ಬಿಟ್ಟ ಹಳೇ ಅಂಗಿಯೇ. ಇದನ್ನೆಲ್ಲ ನಾನು ನಂಬುತ್ತೇನೆ ಅಂತಲ್ಲ. ಆದರೆ ಅಕ್ಕ ನಂಬುತ್ತಾಳೆ, ಬಸುರಿಯಾಗಿದ್ದವಳು ಅವಳ ಮಗಳು. ಅಲ್ಲಿಗೆ ನನ್ನ ವಾದ ಮುಗಿಯಿತು.

ಆದರೆ ಆ ಮಗುವಿಗೆ ನಾನೊಂದು ಕ್ರೋಶಾ ಹೊದಿಕೆ ಹೆಣೆಯಬೇಕು ಅಂದುಕೊಂಡಿದ್ದೆ. ಕೊಕ್ಕೆ ಕಡ್ಡಿಯಲ್ಲಿ ದಾರ ಹೆಣೆಯುವ ಕೆಲಸ, ಕೂತು ಏಳುವಷ್ಟರಲ್ಲಿ ಮುಗಿಯುವಂಥದ್ದಲ್ಲ. ಆಫೀಸು, ಅಡುಗೆ ಎಲ್ಲ ಮುಗಿಸಿ ರಾತ್ರಿ ಒಂದು ಗಂಟೆ ಕೂತರೆ ನಾಲ್ಕು ಬೆರಳಗಲ ಏರಿದರೆ ಪುಣ್ಯ. ಮಗು ಹುಟ್ಟಿದ ಮೇಲೆ ಶುರು ಮಾಡಿದರೆ ಅದು ಶಾಲೆಗೆ ಹೋಗುವಾಗ ಮುಗಿಯುತ್ತದೆ ಅಷ್ಟೆ. ಹಾಗಾಗಿ ಯಾರು ಕೇಳಿದರೂ "ಟೇಬಲ್ ಕ್ಲಾತ್" ಅಂದೆ. ನಮ್ಮನೆಯಲ್ಲಿ ಊಟದ ಟೇಬಲ್ಲೇ ಇಲ್ಲ ಅಂತ ಅಕ್ಕನಿಗೆ ಚೆನ್ನಾಗಿ ಗೊತ್ತು. "ಹೂಂ, ಟೇಬಲ್ ಕ್ಲಾತಾ, ಸರಿ" ಅಂದು ಸುಮ್ಮನಾದಳು.

ಮೊದಲ ಪ್ರಶ್ನೆ ದಾರದ್ದು. ಚಿಕ್ಕಪೇಟೆಯ ಗಲ್ಲಿಯಲ್ಲಿ "ಬೇಬಿ ಉಲ್ಲನ್" ಅಂತ ಕೇಳಿದರೆ ಮೃದುವಾದ, ಬಣ್ಣಬಣ್ಣದ ಉಂಡೆಗಳನ್ನು ರಾಶಿ ಹಾಕುತ್ತಾರೆ. ಹೆಸರಿಗೆ ಉಲ್ಲನ್, ಅದರಲ್ಲಿ ಬಹುಪಾಲು ಅಕ್ರಿಲಿಕ್. ಕುರಿಗೂ ಅದಕ್ಕೂ ಸಂಬಂಧ ಇಲ್ಲ. ಅಕ್ರಿಲಿಕ್ ಕೆಟ್ಟದ್ದಲ್ಲ, ಅಗ್ಗ, ಹಗುರ, ಒಗೆದರೂ ಹಾಳಾಗುವುದಿಲ್ಲ. ಆದರೆ ಬೆವರು ಹೀರುವುದಿಲ್ಲ. ಇನ್ನೊಂದು ವಿಷಯ, ಬೆಂಕಿ ತಾಗಿದರೆ ಪ್ಲಾಸ್ಟಿಕ್ಕಿನಂತೆ ಕರಗಿ ಚರ್ಮಕ್ಕೆ ಅಂಟುತ್ತದೆ. ನಮ್ಮ ಬಾಣಂತಿ ಕೋಣೆಯಲ್ಲಿ ಮಗುವಿಗೆ ಎರೆದ ಮೇಲೆ ಸಾಂಬ್ರಾಣಿ ಹೊಗೆ ಹಾಕಲು ಕೆಂಡ ಬಂದೇ ಬರುತ್ತದೆ, ಅಲ್ವಾ? ಮೇಲಾಗಿ ಅಕ್ಕನ ಮನೆ ಇರುವುದು ಬಳ್ಳಾರಿಯಲ್ಲಿ. ಅಲ್ಲಿ ಏಪ್ರಿಲ್‌ನಲ್ಲಿ 40 ಡಿಗ್ರಿ ದಾಟುವುದು ಸುದ್ದಿಯೇ ಅಲ್ಲ. ಹತ್ತಿ ದಾರವೇ ಸರಿ ಅಂತ ತೀರ್ಮಾನಿಸಿದೆ.

ಅಂಗಡಿಯವನು ಉಂಡೆಗಳನ್ನು ಕವರಿಗೆ ತುಂಬುವಾಗ ತಡೆದು, ಒಂದೊಂದರ ಪಟ್ಟಿಯ ಮೇಲಿನ ಲಾಟ್ ನಂಬರ್ ನೋಡಿದೆ. ಅವನಿಗೆ ಸಿಟ್ಟು ಬಂತು. "ಎಲ್ಲಾ ಒಂದೇ ಕಲರ್ ಮೇಡಂ." ಒಂದೇ ಕಲರ್ ನಿಜ. ಆದರೆ ಬೇರೆ ಸಲ ಬಣ್ಣ ಹಾಕಿದ ದಾರ ಕೈಯಲ್ಲಿದ್ದಾಗ ಒಂದೇ ಥರ ಕಾಣುತ್ತದೆ, ಹೆಣೆದ ಮೇಲೆ ನಡುವೆ ಗೆರೆ ಎದ್ದು ನಿಲ್ಲುತ್ತದೆ. ಒಂದು ಉಂಡೆ ಬೇರೆ ಲಾಟಿನದು ಸಿಕ್ಕಿಯೇಬಿಟ್ಟಿತು. ವಾಪಸ್ ಕೊಟ್ಟೆ.

ಬಣ್ಣ ಯಾವುದು? ಹುಡುಗನಿಗೆ ನೀಲಿ, ಹುಡುಗಿಗೆ ಗುಲಾಬಿ ಅನ್ನುವ ತಲೆನೋವು ನಮಗಿಲ್ಲ. 1994ರ ಕಾಯ್ದೆ ಬಂದಾಗಿನಿಂದ ಭ್ರೂಣಲಿಂಗ ಹೇಳುವುದೇ ಅಪರಾಧ. ಅಕ್ಕನ ಮಗಳಿಗೆ ಇನ್‌ಸ್ಟಾಗ್ರಾಂನಲ್ಲಿ ನೋಡಿದ ಕೆನೆ ಬಣ್ಣ ಬೇಕಿತ್ತು. ಟೇಬಲ್ ಕ್ಲಾತಿಗೆ ಯಾವ ಬಣ್ಣ ಚೆಂದ ಅಂತ ಸುತ್ತುಬಳಸಿ ಕೇಳಿ ತಿಳಿದುಕೊಂಡಿದ್ದೆ. ಆದರೆ ಎಣ್ಣೆ, ಅರಿಶಿನ, ಕಾಡಿಗೆ ಇರುವ ಮನೆಯಲ್ಲಿ ಕೆನೆ ಬಣ್ಣ ಎಷ್ಟು ದಿನ ಕೆನೆ ಬಣ್ಣವಾಗಿ ಇದ್ದೀತು? ಒಗೆಯುವವರ ಕಷ್ಟ ನೋಡದೆ ಮಾಡುವ ಉಡುಗೊರೆ ನನಗಂತೂ ಸೇರುವುದಿಲ್ಲ. ಕಡು ಅರಿಶಿನ ಬಣ್ಣ ತಂದೆ. ಅಂಚಿಗೆ ಮಾತ್ರ ಮಾವಿನ ಎಲೆಯ ಹಸಿರು.

ಕ್ರೋಶಾ ನನಗೆ ಕಲಿಸಿದ್ದು ಅಜ್ಜಿ. ಅವಳ ಕಾಲದಲ್ಲಿ ಟಿವಿಗೆ, ರೇಡಿಯೋಗೆ, ನೀರಿನ ಹೂಜಿಗೆ, ಕಂಡಕಂಡದ್ದಕ್ಕೆಲ್ಲ ಕ್ರೋಶಾ ಹೊದಿಕೆ. ಎಲ್ಲಾ ಜಾಲರಿ ಡಿಸೈನು. ನೋಡೋಕೆ ಚೆಂದ, ಮಗುವಿಗೆ ಬೇಡ. ಆ ತೂತುಗಳಲ್ಲಿ ಬೆರಳು ಸಿಕ್ಕಿಕೊಳ್ಳುತ್ತದೆ. ಕುಚ್ಚು, ಮಣಿ, ಗುಂಡಿ ಕೂಡ ಬೇಡ, ಮೊದಲು ಹೋಗುವುದು ಬಾಯಿಗೇ. ಅದಕ್ಕೆ ನಾನು ಮಾಸ್ ಸ್ಟಿಚ್ ಹಿಡಿದೆ. ಒಂದು ಸಿಂಗಲ್ ಅಂದರೆ ಗಿಡ್ಡ ಹೆಣಿಗೆ, ಒಂದು ಚೈನು ಅಂದರೆ ಬರೀ ಕುಣಿಕೆ, ಕೆಳಗಿನದರಲ್ಲಿ ಒಂದು ಬಿಟ್ಟು ಮತ್ತೊಂದು ಸಿಂಗಲ್. ಮುಂದಿನ ಸಾಲಿನಲ್ಲಿ ಸಿಂಗಲ್ ಬೀಳಬೇಕಾದ್ದು ಕೆಳಗಿನ ಸಾಲಿನ ಚೈನಿನ ಸಂದಿಗೆ. ಹೀಗೆ ಪ್ರತಿ ಸಾಲೂ ಕೆಳಗಿನ ಸಾಲಿನ ಸಂದಿಯನ್ನು ತಾನೇ ಮುಚ್ಚಿಕೊಂಡು ಹೋಗುತ್ತದೆ. ಬಟ್ಟೆ ಒತ್ತಾಗಿ ಬರುತ್ತದೆ, ಆದರೂ ರಟ್ಟಿನಂತೆ ಬಿರುಸಾಗುವುದಿಲ್ಲ. 4 ಮಿ.ಮೀ. ಕಡ್ಡಿ, ದಾರ ಹಿಡಿದ ತೋರುಬೆರಳು ಸ್ವಲ್ಪ ಸಡಿಲ. ಬಿಗಿ ಹಿಡಿದರೆ ಮೂರನೇ ಸಾಲಿಗೇ ಮಣಿಕಟ್ಟು ನೋಯಲು ಶುರು. ಅಳತೆ ಸುಮಾರು 30 ಇಂಚಿಗೆ 36 ಇಂಚು. ಬಾಲದಂತೆ ಉಳಿದ ದಾರದ ತುದಿಗಳನ್ನು ಸೂಜಿಯಲ್ಲಿ ಪೋಣಿಸಿ ಹಿಂದೆ ಮುಂದೆ ಮೂರು ಸಲ ಓಡಿಸಿ ಕಟ್ ಮಾಡಿದೆ. ಇದು ಎಲ್ಲರಿಗೂ ಬೇಜಾರಿನ ಕೆಲಸ, ನನಗೂ. ಇಲ್ಲಿ ಮೈಗಳ್ಳತನ ಮಾಡಿದರೆ ನಾಲ್ಕು ಒಗೆತಕ್ಕೆ ತುದಿ ಹೊರಬಂದು ಬಿಚ್ಚತೊಡಗುತ್ತದೆ.

ಫೆಬ್ರವರಿಯಲ್ಲಿ ಹೆಣ್ಣುಮಗು ಹುಟ್ಟಿತು. ಮೂರನೇ ತಿಂಗಳಿಗೆ ತೊಟ್ಟಿಲ ಶಾಸ್ತ್ರ ಇಟ್ಟುಕೊಂಡರು. ಹಂಪಿ ಎಕ್ಸ್‌ಪ್ರೆಸ್‌ನಲ್ಲಿ ಹೊರಟಾಗ ಹಸಿರು ಅಂಚು ಇನ್ನೂ ಒಂದು ಬದಿ ಬಾಕಿ ಇತ್ತು. ಎದುರು ಸೀಟಿನ ಹೆಂಗಸು ಬಹಳ ಹೊತ್ತು ನೋಡಿ, "ಇದಕ್ಕೆ ಎಷ್ಟು ತಗೋತೀರಾ?" ಅಂದರು. ಕ್ರೋಶಾ ಹಿಡಿದ ಪ್ರತಿಯೊಬ್ಬರಿಗೂ ಬರುವ ಪ್ರಶ್ನೆ. ಮಾರಲ್ಲ ಅಂದರೆ, "ಆನ್‌ಲೈನಲ್ಲಿ ಇದಕ್ಕಿಂತ ಕಮ್ಮಿಗೆ ಸಿಗ್ತದೆ" ಅಂದರು. ಸಿಗುತ್ತದೆ, ಸುಳ್ಳಲ್ಲ. ಸ್ವೆಟರ್ ಹೆಣೆಯಲು ಮೆಷಿನ್ ಇದೆ, ನಿಜವಾದ ಕ್ರೋಶಾಗೆ ಇಲ್ಲ. ಅಂದಮೇಲೆ ಆ ಕಮ್ಮಿ ಬೆಲೆಯದ್ದನ್ನೂ ಯಾರೋ ಕೈಯಲ್ಲೇ ಹೆಣೆದಿರಬೇಕು. ಆಂಧ್ರದ ನರಸಾಪುರದ ಸುತ್ತ ಇದು ಸಾವಿರಾರು ಹೆಂಗಸರ ಹೊಟ್ಟೆಪಾಡು. 19ನೇ ಶತಮಾನದಲ್ಲಿ ಮಿಷನರಿಗಳು ಕಲಿಸಿಹೋದ ಕೆಲಸ. ಅವರ ಕೈಗೆ ಎಷ್ಟು ಸೇರುತ್ತದೋ ಅಂತ ಕೇಳಬೇಕು ಅನ್ನಿಸಿತು. ರೈಲಿನಲ್ಲಿ ಜಗಳ ಬೇಡ ಅಂತ ಅಂಚು ಮುಗಿಸಿದೆ.

ಬಳ್ಳಾರಿಯಲ್ಲಿ ಅಕ್ಕನ ಅತ್ತೆ ಹೊದಿಕೆಯನ್ನು ತೊಡೆಯ ಮೇಲೆ ಹರಡಿ, ಮೊದಲು ತಿರುವಿ ಹಾಕಿ ಹಿಂಬದಿ ನೋಡಿದರು. ಕೈಕೆಲಸ ಗೊತ್ತಿದ್ದವರು ನೋಡುವುದೇ ಹಿಂಬದಿಯನ್ನು.

"ಎಷ್ಟ್ ಚೆಂದ ಹೆಣದೀಯವ್ವ! ಆದ್ರ ಈ ಬಿಸಲಾಗ ಹೊದಿಸಿದ್ರ ಕೂಸು ಬೆಂದು ಹೋಗ್ತೈತಿ."

ಅಕ್ಕನ ಮಗಳಿಗೆ ಅಷ್ಟೇ ಸಾಕಾಯಿತು. "ಚಿಕ್ಕಮ್ಮಾ, ಡಾಕ್ಟರೂ ಅದೇ ಹೇಳಿದ್ದಾರೆ. ಮಲಗಿದಾಗ ಮಗುವಿನ ಹತ್ತಿರ ಹೊದಿಕೆ, ದಿಂಬು ಏನೂ ಇರಬಾರದಂತೆ. ಒಂದು ವರ್ಷ ಆಗೋವರೆಗೂ." ಇದು ನನಗೂ ಗೊತ್ತಿದ್ದದ್ದೇ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯ ಸಲಹೆಯೂ ಹಾಗೇ ಇದೆ. ಸಡಿಲ ಹೊದಿಕೆ ಮುಖದ ಮೇಲೆ ಬಂದರೆ ಸರಿಸಿಕೊಳ್ಳಲು ಅಷ್ಟು ಸಣ್ಣ ಮಗುವಿಗೆ ಆಗುವುದಿಲ್ಲ. ಮಲಗಿದಾಗ ಹೊದಿಸಲಿ ಅಂತ ನಾನೂ ಹೆಣೆದಿರಲಿಲ್ಲ. ಆದರೆ ಅದನ್ನು ಹೇಳುವಷ್ಟರಲ್ಲಿ ಅಕ್ಕನ ಅತ್ತೆಯೇ ಎದ್ದು ಒಳಗಿಂದ ಒಂದು ಕೌದಿ ತಂದರು.

ಹಳೇ ಸೀರೆಗಳ ಕೌದಿ. ಮಧ್ಯದಲ್ಲಿ ಒಂದು ಇಳಕಲ್ಲಿನ ಸೆರಗಿನ ತುಂಡು, ಸುತ್ತ ಮಾಸಿದ ಹತ್ತಿ ಸೀರೆಗಳ ಚೌಕಗಳು, ಅಕ್ಕಿಕಾಳಿನಷ್ಟು ಸಣ್ಣ ಹೊಲಿಗೆ ಸಾಲುಸಾಲಾಗಿ. ಎಂಬತ್ತು ದಾಟಿದ ಕಣ್ಣಿನಲ್ಲಿ ಹೊಲಿದದ್ದು. ಮುಟ್ಟಿದರೆ ತಣ್ಣಗಿತ್ತು. ನೂರಾರು ಸಲ ಒಗೆದ ಹತ್ತಿಗೆ ಬರುವ ಆ ಮೃದುತನ ಹೊಸ ದಾರಕ್ಕೆ ಎಲ್ಲಿಂದ ಬರಬೇಕು? ನಿಜ ಹೇಳುತ್ತೇನೆ, ಆ ಊರಿಗೆ ಕೌದಿಯೇ ನನ್ನ ಹೊದಿಕೆಗಿಂತ ವಾಸಿ. ಖರ್ಚು ಅಂದರೆ ಒಂದು ದಾರದ ರೀಲು. ನನ್ನದಕ್ಕೆ ಎಷ್ಟಾಯಿತು ಅಂತ ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ.

"ಇದು ನನ್ನದು, ತೆಳಗ. ನಿಂದು ಅದರ ಮ್ಯಾಲೆ. ಕೂಸು ಎಚ್ಚರ ಇದ್ದಾಗ ಹಾಸೋಣು."

ಶಾಸ್ತ್ರ ಮುಗಿದ ಮಧ್ಯಾಹ್ನ ನಡುಮನೆಯ ಕಡಪಾ ಕಲ್ಲಿನ ಮೇಲೆ ಹಾಗೇ ಹಾಸಿದೆವು. ಮಗುವನ್ನು ಬೋರಲು ಹಾಕಿದರು. ಅದು ಕತ್ತು ಎತ್ತಿ, ಹಸಿರು ಅಂಚನ್ನು ಮುಷ್ಟಿಯಲ್ಲಿ ಹಿಡಿದು, ಜೊಲ್ಲು ಸುರಿಸಿ, ಹತ್ತೇ ನಿಮಿಷದಲ್ಲಿ ಎರಡನ್ನೂ ಒದ್ದೆ ಮಾಡಿತು. "ಉದ್ಘಾಟನೆ ಆಯ್ತು" ಅಂದ ಭಾವ.

ಹೊರಡುವಾಗ ಒಗೆಯುವುದು ಹೇಗೆ ಅಂತ ಹೇಳಿಕೊಟ್ಟೆ. ಮೆಷಿನ್‌ಗೆ ಹಾಕಬಹುದು, ಹಗ್ಗಕ್ಕೆ ಮಾತ್ರ ಹಾಕಬೇಡಿ. ಹತ್ತಿ ಒದ್ದೆಯಾದರೆ ಭಾರ, ತನ್ನ ಭಾರಕ್ಕೇ ಜಗ್ಗಿ ಉದ್ದವಾಗುತ್ತದೆ. ಚಾಪೆ ಮೇಲೆ ಹರಡಿ ಒಣಗಿಸಿ. ಎಲ್ಲರೂ ತಲೆ ಆಡಿಸಿದರು. ಹೋದ ತಿಂಗಳು ಅಕ್ಕನ ಮಗಳ ಫೋನು. "ಚಿಕ್ಕಮ್ಮಾ, ಹೊದಿಕೆ ಒಂದು ಕಡೆ ಉದ್ದ ಆಗಿಬಿಟ್ಟಿದೆಯಲ್ಲ?" ಮತ್ತೆ ಒದ್ದೆ ಮಾಡಿ ಅಗಲಕ್ಕೆ ಎಳೆದು, ತಾರಸಿಯಲ್ಲಿ ಚಾಪೆ ಹಾಸಿ ಒಣಗಿಸು ಅಂದೆ. "ಆಯ್ತು ಚಿಕ್ಕಮ್ಮಾ" ಅಂದಳು. ಆ "ಆಯ್ತು" ಯಾವ ಥರದ್ದು ಅಂತ ನನಗೆ ಗೊತ್ತು. ಅವಳ ಅಮ್ಮ ನನ್ನ ಟೇಬಲ್ ಕ್ಲಾತಿಗೆ "ಸರಿ" ಅಂದಿದ್ದಳಲ್ಲ, ಅದೇ ಥರದ್ದು.