ಕಂಬಳಿ ಕೊಟ್ಟವನಿಗೆ ನಾನು ಶಭಾಷ್ ಅಂದಿದ್ದೆ

ಹಾಸ್ಟೆಲ್ ವಾರ್ಡನ್ ಆಗಿ ಹನ್ನೊಂದು ವರ್ಷ. ಇಂಡೆಂಟ್, ಬಯೋಮೆಟ್ರಿಕ್, ಸ್ಟಾಕ್ ಬುಕ್ಕು ಎಲ್ಲ ನಿದ್ದೆಗಣ್ಣಲ್ಲೂ ಬರೆಯಬಲ್ಲೆ. ಆದರೂ ಎರಡು ವರ್ಷದ ಹಿಂದಿನ ಒಂದು ಸಂಜೆ ನೆನಪಾದರೆ ಈಗಲೂ ಮುಖ ಬಿಸಿಯಾಗುತ್ತದೆ. ಹುಡುಗನ ಗುರುತು ಸಿಗಬಾರದು ಅಂತ ಒಂದೆರಡು ವಿವರ ಬದಲಿಸಿದ್ದೇನೆ.

ಪುಷ್ಯ ಮಳೆ. ತೀರ್ಥಹಳ್ಳಿ ಕಡೆ ಅದು ಹಿಡಿಯಿತೆಂದರೆ ಹಾಸಿಗೆಯೂ ತಣ್ಣಗೆ ಒದ್ದೆ ಅನ್ನಿಸುತ್ತದೆ. ಅಂಥಾ ಹೊತ್ತಲ್ಲಿ ಸೆಕೆಂಡ್ ಪಿಯು ಸೈನ್ಸಿನ ಹುಡುಗ ತನ್ನ ಕಂಬಳಿಯನ್ನು ಫಸ್ಟ್ ಇಯರಿನವನಿಗೆ ಕೊಟ್ಟ. ಮರುದಿನ ವಾಚು, ಗೈಡುಗಳು. ರಾತ್ರಿ ಊಟದ ಹಾಲಿನಲ್ಲಿ ಎಲ್ಲರೆದುರು "ನೋಡಿ, ಹೀಗಿರಬೇಕು" ಅಂದೆ. ಅವನು ನಕ್ಕ. ತಿಂಗಳಿಂದ ಯಾರ ಜೊತೆಗೂ ಮಾತಿಲ್ಲದವನು ಎರಡು ದಿನದಿಂದ ಹಗುರಾಗಿದ್ದ. ಸದ್ಯ, ಸರಿಹೋದ ಅಂದುಕೊಂಡೆ.

ಗೊತ್ತಾಗಿದ್ದು ಅಡುಗೆಯ ಅಕ್ಕನಿಗೆ. "ಸಾರ್, ಆ ಹುಡ್ಗ ಎಂತೋ ಸರಿ ಇಲ್ಲ. ಹೋದ ವರ್ಷ ಸಾರು ಚೆನ್ನಾಗಿಲ್ಲ ಅಂತ ಜಗಳ ಆಡಿದ್ದಕ್ಕೆ ಈಗ ಬಂದು ತಪ್ಪಾಯ್ತು ಅಕ್ಕ ಅಂತಾನೆ. ನಂಗೆ ಹೆದರಿಕೆ ಆಯ್ತು."

ಕರೆಂಟ್ ಹೋಗಿತ್ತು. ಟಾರ್ಚ್ ಹಿಡಿದು ಮೆಟ್ಟಿಲು ಹತ್ತಿದೆ. ಮಂಚದ ಮೇಲೆ ಒಬ್ಬನೇ ಕೂತಿದ್ದ.

"ಓದು ಹೆಂಗಿದೆ ಮಾರಾಯ?"

"ಚೆನ್ನಾಗಿದೆ ಸಾರ್."

ಆಮೇಲೆ ನಾನು ಮಾಡಿದ್ದು ಉಪದೇಶ. ಅಪ್ಪ ಸಾಲ ಮಾಡಿ ಓದಿಸ್ತಿದ್ದಾರೆ, ಅಮ್ಮನ ಮುಖ ನೆನಪಿಟ್ಕೋ, ಹೀಗೇ. ಒಂದೊಂದು ಮಾತಿಗೂ ಅವನ ತಲೆ ಇನ್ನಷ್ಟು ಕೆಳಗೆ ಹೋಗುತ್ತಿತ್ತು. ಮನೆಯವರಿಗೆ ಹೊರೆಯಾಗಿದ್ದೇನೆ ಅಂತಲೇ ಕೊರಗುತ್ತಿದ್ದವನ ಮೇಲೆ ನಾನು ಮತ್ತೊಂದು ಮೂಟೆ ಹೊರಿಸುತ್ತಿದ್ದೆ. ಕೇಳಬೇಕಾದ ಪ್ರಶ್ನೆ ಗಂಟಲಲ್ಲೇ ಇತ್ತು. ಕೇಳಿದರೆ ಇಲ್ಲದ ಯೋಚನೆಯನ್ನು ನಾನೇ ತಲೆಗೆ ಹಾಕಿದ ಹಾಗಾದರೆ? ಹೆಂಚಿನ ಮೇಲೆ ಮಳೆ ಸುರಿಯುತ್ತಲೇ ಇತ್ತು. ಕೊನೆಗೆ ಕೇಳಿಯೇಬಿಟ್ಟೆ: "ಸಾಯಬೇಕು ಅಂತ ಅನ್ನಿಸ್ತಿದೆಯಾ?"

ಹೂಂ ಅಂದ. ಆಮೇಲೆ ಅತ್ತ. ಅತ್ತದ್ದು ನೋಡಿ ನನಗೆ ಯಾಕೋ ಉಸಿರು ಬಂತು.

ನಮ್ಮಲ್ಲಿ ಸಿಗ್ನಲ್ ಸಿಗುವುದು ಜಗುಲಿಯ ಒಂದು ಮೂಲೆಯಲ್ಲಿ ಮಾತ್ರ. ಅಲ್ಲಿ ನಿಂತು 14416ಕ್ಕೆ ಹಚ್ಚಿದೆವು. ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು. ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು. ಅವನು ಮುಕ್ಕಾಲು ಗಂಟೆ ಮಾತಾಡಿದ, ನಾನು ಇರಚಲು ಹೊಡೆಯದ ಹಾಗೆ ಕೊಡೆ ಹಿಡಿದು ನಿಂತಿದ್ದೆ. ಫಿಸಿಕ್ಸು, ಕೊಳೆರೋಗ ಬಂದ ಅಡಿಕೆ, ರೂಮಿನವರು ಇಟ್ಟ ಅಡ್ಡಹೆಸರು, ನಿದ್ದೆಯಿಲ್ಲದ ರಾತ್ರಿಗಳು. ಫೇಲಾಗುವ ಭಯ ಒಂದೇ ಕಾರಣ ಅಂತ ನಾನು ಆಗಲೇ ತೀರ್ಮಾನ ಮಾಡಿಬಿಟ್ಟಿದ್ದೆ!

ಆ ಕಡೆಯವರು ನನ್ನ ಜೊತೆಯೂ ಮಾತಾಡಿದರು. ಒಬ್ಬನನ್ನೇ ಬಿಡಬೇಡಿ, ಅಪಾಯದ ವಸ್ತು ಕೈಗೆ ಸಿಗದ ಹಾಗೆ ಎತ್ತಿಡಿ, ಬೆಳಿಗ್ಗೆ ಆಸ್ಪತ್ರೆಗೆ ಕರೆದೊಯ್ಯಿರಿ. ನೇರವಾಗಿ ಕೇಳಿದ್ದರಿಂದ ಯಾರಿಗೂ ಹೊಸದಾಗಿ ಆ ಯೋಚನೆ ಬರುವುದಿಲ್ಲ, ಕೇಳಿದ್ದು ಒಳ್ಳೆಯದೇ ಆಯಿತು ಅಂದರು. ಇದ್ದದ್ದನ್ನೆಲ್ಲ ಹಂಚುವುದು, ತಟ್ಟನೆ ಹಗುರಾಗುವುದು ಕೂಡ ಎಚ್ಚರಿಕೆಯ ಸೂಚನೆ ಅಂದಾಗ ಊಟದ ಹಾಲಿನ ನನ್ನ ಭಾಷಣ ನೆನಪಾಯಿತು. ಆ ರಾತ್ರಿ ಮೂವರೂ ಅಡುಗೆಮನೆಯ ಒಲೆ ಮುಂದೆ ಕೂತಿದ್ದೆವು. ಅಕ್ಕ ಎರಡು ಸಲ ಕಷಾಯ ಮಾಡಿದಳು.

ಬೆಳಿಗ್ಗೆ ಮೊದಲ ಬಸ್ಸಿಗೆ ಬಂದ ಅಪ್ಪ ಕೇಳಿದ್ದು "ಪೊಲೀಸ್ ಕೇಸ್ ಆಗ್ತದನಾ ಸಾರ್?" ಯೋಚನೆ ಬಂದದ್ದು ಅಪರಾಧವಲ್ಲ, ಪ್ರಯತ್ನ ಮಾಡಿದವರನ್ನೂ ತೀವ್ರ ಒತ್ತಡದಲ್ಲಿದ್ದವರು ಅಂತಲೇ ಪರಿಗಣಿಸಬೇಕು ಅಂತ 2017ರ ಮಾನಸಿಕ ಆರೋಗ್ಯ ಕಾಯ್ದೆಯೇ ಹೇಳುತ್ತದೆ. ನಾನು ಹೇಳಿದ್ದಕ್ಕಿಂತ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಡಾಕ್ಟರು ಹೇಳಿದ ಮೇಲೆ ಅವರಿಗೆ ಸಮಾಧಾನವಾಯಿತು. ಹುಡುಗ ಮೂರು ವಾರ ಮನೆಯಲ್ಲಿದ್ದು ಬಂದ, ಮಾತ್ರೆ ತಗೊಂಡ. ಮೊದಲ ಪರೀಕ್ಷೆಯಲ್ಲಿ ಹೋದ ಫಿಸಿಕ್ಸು ಎರಡನೇ ಪರೀಕ್ಷೆಯಲ್ಲಿ ಪಾಸಾಯಿತು.

ಮೇಲಿನವರಿಗೆ ವರದಿ ಕೊಟ್ಟೆ. ಕೌನ್ಸೆಲರ್ ತಿಂಗಳಿಗೊಮ್ಮೆಯಾದರೂ ಬರಲಿ ಅಂತ ಬರೆದಿದ್ದೆ. ಉತ್ತರ ಇನ್ನೂ ಬಂದಿಲ್ಲ. ಸೆಪ್ಟೆಂಬರ್ 10, ಆತ್ಮಹತ್ಯೆ ತಡೆ ದಿನ ಬಂದರೆ ಮಾತ್ರ ಬ್ಯಾನರ್ ಕಟ್ಟಿ ಫೋಟೋ ಹಾಕಿ ಅಂತ ಗ್ರೂಪಿನಲ್ಲಿ ಮೆಸೇಜು. ಆ 14416ರ ಪೋಸ್ಟರ್ ಅಷ್ಟು ದಿನ ಇದ್ದದ್ದು ನನ್ನ ಕುರ್ಚಿಯ ಹಿಂದೆ. ಬೈಸಿಕೊಳ್ಳುವುದಕ್ಕಲ್ಲದೆ ಯಾವ ಹುಡುಗನೂ ಆ ಕೋಣೆಗೆ ಬರುವುದಿಲ್ಲ. ಈಗ ನಂಬರನ್ನು ಪ್ರತಿ ಬಚ್ಚಲ ಬಾಗಿಲ ಒಳಮೈಗೆ ಅಂಟಿಸಿದ್ದೇನೆ, ಯಾರೂ ನೋಡದ ಹಾಗೆ ಓದಿಕೊಳ್ಳಲಿ ಅಂತ. ಹೋದ ತಿಂಗಳು ಇನ್‌ಸ್ಪೆಕ್ಷನ್‌ಗೆ ಬಂದವರು ಅದನ್ನು ನೋಡಿ, ಸರ್ಕಾರಿ ಪೋಸ್ಟರ್ ಬಚ್ಚಲಲ್ಲಿ ಯಾಕೆ ಅಂತ ಲಿಖಿತ ವಿವರಣೆ ಕೇಳಿದ್ದಾರೆ. ಬರೆಯುತ್ತಿದ್ದೇನೆ.