ಕಿರಮಂಜಿ ಕೆಂಪಿಗೆ ಹುಳದ ಹೆಸರೇಕೆ?

ಕನ್ನಡದ ಕಿರಮಂಜಿ, ಇಂಗ್ಲಿಷಿನ ಕ್ರಿಮ್ಸನ್, ಕಾರ್ಮೈನ್ ಇವೆಲ್ಲ ಒಂದೇ ಬಳ್ಳಿಯವೇ, ಸಂಸ್ಕೃತದ ‘ಕೃಮಿ’ಯಿಂದಲೇ ಬಂದವೇ ಎಂದು ಬಹಳ ಜನ ಕೇಳುತ್ತಾರೆ.

ಒಂದೇ ಬಳ್ಳಿ ಎನ್ನುವುದು ನಿಜ. ಮೂರೂ ಅರಬ್ಬಿಯ ‘ಕಿರ್ಮಿಜ್’ ಕಡೆಗೆ ಹೋಗುತ್ತವೆ. ಅದರ ಹಿಂದೆ ಪರ್ಷಿಯನ್ನಿನ ‘ಕಿರ್ಮ್’ ಇದೆ, ಅಂದರೆ ಹುಳ. ಆದರೆ ಕಿರ್ಮ್ ಮತ್ತು ಕೃಮಿ ಒಡಹುಟ್ಟಿದ ಪದಗಳು, ತಾಯಿ ಮಕ್ಕಳಲ್ಲ. ಕ್ರಿಮ್ಸನ್ ನೇರವಾಗಿ ಸಂಸ್ಕೃತದಿಂದ ಹೋಯಿತು ಎನ್ನುವುದು ಅವಸರದ ಮಾತು.

ಹುಳ ಮಾತ್ರ ನಿಜವಾದದ್ದೇ. ಮೆಡಿಟರೇನಿಯನ್ ಸುತ್ತಿನ ಓಕ್ ಪೊದೆಗಳಿಗೆ ಅಂಟಿಕೊಂಡು ರಸ ಹೀರುವ ಒಂದು ಪುಟ್ಟ ಶಲ್ಕ ಕೀಟ (ಸ್ಕೇಲ್ ಇನ್ಸೆಕ್ಟ್). ಮೊಟ್ಟೆ ತುಂಬಿದ ಹೆಣ್ಣನ್ನು ಬಿಡಿಸಿ, ಒಣಗಿಸಿ, ಬಣ್ಣ ತೆಗೆಯುತ್ತಿದ್ದರು. ಒಣಗಿದಾಗ ಕಾಳಿನಂತೆ ಕಾಣುವುದರಿಂದ ಗ್ರೀಕರು ಅದನ್ನು ಕಾಳು ಎಂದೇ ಕರೆದರು, ‘ಕೊಕ್ಕೊಸ್’. ಲ್ಯಾಟಿನ್ನಿನಲ್ಲಿ ‘ವರ್ಮಿಕುಲುಸ್’, ಪುಟ್ಟ ಹುಳ. ವರ್ಮಿಲಿಯನ್ ಹುಟ್ಟಿದ್ದು ಅದರಿಂದ. ಮುಂದೆ ಆ ಹೆಸರು ಕೀಟವನ್ನು ಬಿಟ್ಟು ಪಾದರಸದ ಅದಿರಾದ ಇಂಗಳಿಕಕ್ಕೆ ಅಂಟಿತು. ಪೋಲಿಷ್ ಭಾಷೆಯಲ್ಲಂತೂ ಕೆಂಪು ‘ಚೆರ್ವೋನಿ’, ಜೂನ್ ತಿಂಗಳು ‘ಚೆರ್ವಿಯೆತ್ಸ್’; ಎರಡೂ ಹುಳದ ಹೆಸರಿನವು. ಅಲ್ಲಿ ಗಿಡದ ಬೇರಿನಿಂದ ಇಂಥದೇ ಕೀಟವನ್ನು ಕೀಳುತ್ತಿದ್ದದ್ದು ಜೂನ್ ಕೊನೆಗೆ.

1521ರಲ್ಲಿ ಸ್ಪೇನಿನವರು ಮೆಕ್ಸಿಕೋವನ್ನು ಗೆದ್ದ ಮೇಲೆ ಪಾಪಸುಕಳ್ಳಿಯ ಮೇಲೆ ಬೆಳೆಯುವ ಕೊಚಿನೀಲ್ ಕೀಟ ಯುರೋಪಿಗೆ ಬಂತು. ಬಣ್ಣದ ಶಕ್ತಿ ಎಷ್ಟೋ ಪಟ್ಟು ಹೆಚ್ಚು, ಹಾಗಾಗಿ ಹಳೆಯ ಕೀಟ ಮೂಲೆಗೆ ಸರಿಯಿತು. ಹೆಸರು ಉಳಿಯಿತು.

ಇಷ್ಟೆಲ್ಲ ಭಾಷೆಗಳು ಹುಳದ ಹೆಸರನ್ನೇ ಹಿಡಿದದ್ದು ಈ ಬಣ್ಣ ಬಟ್ಟೆಯಲ್ಲಿ ಗಟ್ಟಿಯಾಗಿ ನಿಲ್ಲುತ್ತಿತ್ತು ಎಂಬ ಕಾರಣಕ್ಕೆ ಎಂದು ನನ್ನ ನಂಬಿಕೆ. ಇಂದಿಗೂ ಮಾಡಿ ನೋಡಬಹುದು. 100 ಗ್ರಾಂ ಉಣ್ಣೆಗೆ 15 ಗ್ರಾಂ ಪಟಿಕ ಹಾಕಿ, ಕುದಿ ಬಾರದಂತೆ ಒಂದು ಗಂಟೆ ಕಾಯಿಸಬೇಕು. ಆಮೇಲೆ 5ರಿಂದ 10 ಗ್ರಾಂ ಕೊಚಿನೀಲ್ ಪುಡಿಯ ನೀರಿನಲ್ಲಿ ಮತ್ತೆ ಒಂದು ಗಂಟೆ. ಪಟಿಕ ಬಿಟ್ಟರೆ ಬಣ್ಣ ಕಚ್ಚುವುದಿಲ್ಲ. ಕಬ್ಬಿಣದ ಪಾತ್ರೆಯಲ್ಲಿ ಮಾಡಿದರೆ ಕೆಂಪು ಹೋಗಿ ಮಂಕು ನೇರಳೆ ಬರುತ್ತದೆ. ನಿಂಬೆರಸ ಕಿತ್ತಳೆಯತ್ತ ಎಳೆಯುತ್ತದೆ, ಸೋಡಾ ನೇರಳೆಯತ್ತ. ಹತ್ತಿಬಟ್ಟೆ ಉಣ್ಣೆ ರೇಷ್ಮೆಯಷ್ಟು ಸುಲಭವಾಗಿ ಬಣ್ಣ ಕುಡಿಯುವುದಿಲ್ಲ.

ವಿದೇಶಿ ತಿಂಡಿಯ ಪೊಟ್ಟಣದ ಮೇಲೆ ‘ಕಾರ್ಮೈನ್’ ಅಥವಾ ‘ಇ 120’ ಎಂದಿದ್ದರೆ ಅದು ಕೊಚಿನೀಲ್ ಕೀಟದ ಬಣ್ಣವೇ, ಸಸ್ಯಾಹಾರಿಗಳು ಗಮನಿಸಬೇಕು.