ಕೋಟಗಿರಿ ದಾರಿಯಲ್ಲಿ ಗೋಡೆ ನೋಡುತ್ತಾ

ಗುಂಡ್ಲುಪೇಟೆ, ಬಂಡೀಪುರ, ಗೂಡಲೂರು ಘಾಟಿ: ಇವನ್ನು ಬರೆಯದವರಿಲ್ಲ, ಬಿಟ್ಟುಬಿಡುತ್ತೇನೆ. 2024ರ ಮೇ 7ರಿಂದ ನೀಲಗಿರಿಗೆ ಹೊರಗಿನ ಗಾಡಿಗಳಿಗೆ ಇ-ಪಾಸ್ ಬೇಕು. ಸರ್ಕಾರಿ ಬಸ್ಸಿನಲ್ಲಿ ಹೋದ ನಮಗೆ ಆ ರಗಳೆ ಇರಲಿಲ್ಲ.

ಊಟಿಯಲ್ಲಿ ಕೋಟಗಿರಿ ಬಸ್ಸು ಹತ್ತಿ ಕಿಟಕಿ ಪಕ್ಕ ಕೂತರೆ, ಒಂದು ಕಡೆ ಟೀ ತೋಟ, ಇನ್ನೊಂದು ಕಡೆ ಕಡಿದು ನಿಲ್ಲಿಸಿದ ಕೆಂಪು ಗುಡ್ಡ. ನೀಲಗಿರಿಯ ತಳದಲ್ಲಿರುವುದು ಚಾರ್ನಕೈಟ್, ಗಟ್ಟಿ ಬಂಡೆಯೇ. ಆದರೆ ಯುಗಗಟ್ಟಲೆ ಮಳೆ ಕುಡಿದು ಅದರ ಮೇಲಿನ ಭಾಗ ಎಷ್ಟೋ ಕಡೆ ಹತ್ತಾರು ಮೀಟರ್ ಆಳದವರೆಗೆ ಮಣ್ಣಾಗಿ, ಜೇಡಿಯಾಗಿ ಹೋಗಿದೆ. ಒಣಗಿದ್ದಾಗ ಈ ಮಣ್ಣನ್ನು ನೆಟ್ಟಗೆ ಕತ್ತರಿಸಿದರೂ ನಿಲ್ಲುತ್ತದೆ, ಮೋಸವಿರುವುದೇ ಅಲ್ಲಿ. ನೀರು ಇಂಗಿ ಒಳಗೆ ಒತ್ತಡ ಏರಿದರೆ ಹಿಡಿತ ಸಡಿಲಗೊಂಡು ಗುಡ್ಡದ ಮಗ್ಗುಲೇ ರಸ್ತೆಗೆ ಬರುತ್ತದೆ. 2009ರ ನವೆಂಬರ್‌ನಲ್ಲಿ ಊಟಿ, ಕೂನೂರು, ಕೋಟಗಿರಿ ಸುತ್ತ ಹೀಗೇ ನೂರಾರು ಕಡೆ ಜರಿದು, 40ಕ್ಕೂ ಹೆಚ್ಚು ಜನ ಸತ್ತರು.

ಈಗ ಈ ರಸ್ತೆಯಲ್ಲಿ ಹೆದ್ದಾರಿ ಇಲಾಖೆ ಕೆಲವು ಇಳಿಜಾರುಗಳಿಗೆ ಮೊಳೆ ಹೊಡೆದಿದೆ. ತಮಾಷೆಯಲ್ಲ. ಮಣ್ಣಿನೊಳಕ್ಕೆ ಕೊರೆದು, ಉದ್ದನೆಯ ಉಕ್ಕಿನ ಸರಳು ತೂರಿಸಿ, ಸುತ್ತ ಸಿಮೆಂಟ್ ಹಾಲು ತುಂಬುತ್ತಾರೆ. ಮೇಲೆ ಬಲೆ ಹಾಸಿ, ಹುಲ್ಲಿನ ಬೀಜ, ಗೊಬ್ಬರ ಕಲಸಿದ ನೀರನ್ನು ಪೈಪಿನಿಂದ ಚಿಮ್ಮಿಸುತ್ತಾರೆ. ಬೇರು ಮೇಲ್ಮಣ್ಣನ್ನು ಹಿಡಿಯುತ್ತದೆ, ಸರಳು ಒಳಗಿನದ್ದನ್ನು.

ನನಗೆ ಇದು ಹಿಡಿಸಿತು. ಆದರೂ ಕಣ್ಣು ಹೋಗುತ್ತಿದ್ದದ್ದು ಹಳೆಯ ತಡೆಗೋಡೆಗಳ ಮೇಲೆ. ಕೋಟಗಿರಿಗೆ ಮುಂಚೆ ಇಳಿದು ನಡೆದಾಗ ಒಂದನ್ನು ಹತ್ತಿರದಿಂದ ನೋಡಿದೆ. ಗೋಡೆಯ ಹಿಂದಿನ ನೀರು ಹೊರಬರಲೆಂದು ಇಟ್ಟ ಪೈಪುಗಳಲ್ಲಿ ಒಂದರ ಬಾಯಿಗೆ ಚಿಪ್ಸ್ ಪೊಟ್ಟಣ ಸಿಕ್ಕಿಕೊಂಡಿತ್ತು, ಮತ್ತೊಂದರಲ್ಲಿ ಜರಿಗಿಡ ಬೆಳೆದಿತ್ತು. ಅವುಗಳ ನಡುವೆ, ಪೈಪೇ ಇಲ್ಲದ ಜಾಗದಲ್ಲಿ, ಗೋಡೆ ಬಿರುಕು ಬಿಟ್ಟು ಜಿನುಗುತ್ತಿತ್ತು.

ಪಕ್ಕದ ಟೀ ಅಂಗಡಿಯ ಅಕ್ಕ ಚಾಮರಾಜನಗರದ ಕಡೆಯವರು, ಮದುವೆಯಾಗಿ ಇಲ್ಲಿಗೆ ಬಂದವರು. ಮಳೆಗಾಲದಲ್ಲಿ ಹೆದರಿಕೆ ಆಗೋದಿಲ್ಲವಾ ಅಂದೆ. "ಮಳಗೆ ಹೆದ್ರಿದ್ರ ಆಯ್ತದಾ ಅಣ್ಣ? ಊಟೆ ನೀರ್ ನೋಡ್ಕತೀವಿ. ತಿಳಿಯಾಗಿದ್ರ ಸರಿ. ಇದ್ದಕ್ಕಿದ್ದಂಗ ಕೆಂಪಾದ್ರ ಮಕ್ಳ ಕರ್ಕಂಡು ಸ್ಕೂಲ್ಗ ಹೋಗದೇಯ" ಎಂದರು. ಯಾವ ಎಂಜಿನಿಯರನ್ನು ಕೇಳಿದರೂ ಇದನ್ನೇ ಹೇಳುತ್ತಾರೆ: ಊಟೆಯ, ಅಂದರೆ ಗುಡ್ಡದಿಂದ ಒಸರುವ, ನೀರಿನ ಬಣ್ಣ ಬದಲಾದರೆ ಒಳಗೆ ಮಣ್ಣು ಹೊರಟಿದೆ ಎಂದರ್ಥ.

ನೀಲಗಿರಿಯ ಕಷ್ಟವೆಂದರೆ ಇಲ್ಲಿ ಮಳೆಗಾಲ ಎರಡು. ಜೂನ್‌ನಿಂದ ಗೂಡಲೂರು, ಅವಲಾಂಚಿ ಕಡೆ. 2019ರ ಆಗಸ್ಟ್‌ನಲ್ಲಿ ಅವಲಾಂಚಿಯಲ್ಲಿ ಒಂದೇ ದಿನ 800 ಮಿಲಿಮೀಟರ್ ಮೀರಿ ಸುರಿದಿತ್ತು. ಅಕ್ಟೋಬರ್‌ನಿಂದ ಹಿಂಗಾರು, ಆಗ ಕೂನೂರು, ಕೋಟಗಿರಿಯ ಸರದಿ.

ಮರಳುವಾಗ ಕೂನೂರಿನಿಂದ ಮೆಟ್ಟುಪಾಳ್ಯಂಗೆ ಇಳಿದೆವು. ದಾರಿಯಲ್ಲಿ ಮರಪ್ಪಾಲಂ. 1993ರ ನವೆಂಬರ್‌ನಲ್ಲಿ ಇಲ್ಲಿ ಗುಡ್ಡ ಜಾರಿ ರಸ್ತೆಯ ಜೊತೆ ಪುಟಾಣಿ ರೈಲಿನ ಹಳಿಯನ್ನೂ ಒಯ್ದಿತ್ತು. ಕಾರಿನಲ್ಲಿ ಹೋಗುವವರು ಸೆಲ್ಫಿಗೆಂದು ಕಡಿದ ಗುಡ್ಡದ ಬುಡದಲ್ಲಿ ನಿಲ್ಲಿಸುತ್ತಾರೆ. ಮಳೆ ಬಿದ್ದ ಮರುದಿನವಂತೂ ಅದು ಬೇಡ. ಬಿಸಿಲು ಬಂದಿದ್ದರೂ ಇಂಗಿದ ನೀರು ಇನ್ನೂ ಒಳಗೇ ಇರುತ್ತದೆ.